ಹಳೆಯ ರೈಲ್ವೆ ಷೇರು ಪತ್ರಕ್ಕೆ ಯಾರ ಅಳತೆಗೋಲು?

ಹಳೆಯ ರೈಲ್ವೆ ಷೇರು ಪತ್ರಗಳನ್ನು ಕೂಡಿಡುವವರು ತಾವು ಚರಿತ್ರೆ ಕಾಯುತ್ತಿದ್ದೇವೆ ಎನ್ನುತ್ತಾರೆ. ಅವರು ಬೆಲೆ ಕಟ್ಟುವ ಬಗೆ ನೋಡಿದರೆ ಈ ಮಾತು ನಂಬುವಂತಿಲ್ಲ. ಚಿತ್ರ ಎಷ್ಟು ಚೆಂದ, ಸಹಿ ಯಾವ ದೊಡ್ಡವರದು ಎಂಬ ಅಳತೆಗಳು ಅಮೆರಿಕದ ಕಾಗದಗಳಿಗೆ ಒಪ್ಪುತ್ತವೆ. ನಕಲು ತಡೆಯಲು ಉಕ್ಕಿನ ಫಲಕದಲ್ಲಿ ಕೊರೆದ ಎಂಜಿನ್ನಿನ ಚಿತ್ರ ಅಲ್ಲಿರುತ್ತಿತ್ತು. ಹಿಂಬದಿಯಲ್ಲೇ ವರ್ಗಾವಣೆಯ ನಮೂನೆ, ಮಾರಿದವನ ಸಹಿ. ನಾಸಿಕ್ ಮೇಲೆ ಹಾದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಾದರೋ ಲಂಡನ್ನಿನ ಕಂಪನಿ. ಬ್ರಿಟಿಷ್ ಪದ್ಧತಿಯಲ್ಲಿ ವರ್ಗಾವಣೆಗೆ ಬೇರೆಯೇ ಪತ್ರ; ಮಾಲೀಕ ಬದಲಾದದ್ದು ಕಂಪನಿಯ ರಿಜಿಸ್ಟರಿಗೆ ಗೊತ್ತು, ಷೇರು ಪತ್ರಕ್ಕಲ್ಲ. ಅದರಲ್ಲಿ ಮುಖ್ಯವಾಗಿ ಉಳಿಯುವುದು ಷೇರುದಾರನ ಹೆಸರು, ಸಂಖ್ಯೆ, ಮೊತ್ತ, ಮೊಹರು. ಸಂಗ್ರಾಹಕರು ಸಪ್ಪೆ ಎಂದು ಬದಿಗಿಡುವ ಈ ಹೆಸರೇ ನಿಜವಾದ ಸಾಕ್ಷ್ಯ.

1849ರ ಒಪ್ಪಂದ ಈ ಲಂಡನ್ ಕಂಪನಿಯ ಬಂಡವಾಳಕ್ಕೆ ಶೇ. 5 ಬಡ್ಡಿಯ ಖಾತರಿ ಕೊಟ್ಟಿತು, ಜಮೀನು ಪುಕ್ಕಟೆ. ಗಳಿಕೆ ಸಾಲದಿದ್ದರೆ ಕೊರತೆ ತುಂಬಬೇಕಾದದ್ದು ಇಲ್ಲಿನ ಕಂದಾಯ. 1865ರಲ್ಲಿ ತೆರೆದ ಇಗತ್‌ಪುರಿಯ ಥಳ್ ಘಾಟಿನ ರೈಲು ಹಾದಿಗೆ ಎಷ್ಟೇ ಹಣ ಸುರಿದರೂ ಇಂಗ್ಲೆಂಡಿನ ವಿಧವೆಗೆ, ಪಾದ್ರಿಗೆ, ನಿವೃತ್ತ ಸೇನಾಧಿಕಾರಿಗೆ ಬಡ್ಡಿ ತಪ್ಪುತ್ತಿರಲಿಲ್ಲ. ಷೇರುದಾರರಲ್ಲಿ ಇಂಥವರೇ ಬಹಳ. ಹೆಸರಿಲ್ಲದ ಈ ಹೆಸರುಗಳು ಹರಾಜಿನಲ್ಲಿ ಬೆಲೆ ಏರಿಸುವುದಿಲ್ಲ, ನಾಸಿಕದ ರೈತನ ತೆರಿಗೆ ಯಾರ ಮನೆ ಸೇರಿತೆಂದು ಮಾತ್ರ ಹೇಳುತ್ತವೆ. ಕಾಗದ ಸಪ್ಪೆಯಾದದ್ದು ಖಾತರಿಯಿಂದ ಎನ್ನುವುದಾದರೆ, ಖಾತರಿಯೇ ಇಲ್ಲದ ಇಂಗ್ಲೆಂಡಿನ ರೈಲ್ವೆ ಪತ್ರಗಳೂ ಸರಳವಾಗಿದ್ದವಲ್ಲ ಎಂದು ಕೇಳಬಹುದು. ಹೌದು, ಸರಳತೆಯಿಂದ ಖಾತರಿಯನ್ನು ಊಹಿಸಬೇಕಿಲ್ಲ, ಒಪ್ಪಂದವನ್ನು ಪಕ್ಕದಲ್ಲಿಟ್ಟು ಓದಬೇಕು. ಕೆಲವೊಮ್ಮೆ ಖಾತರಿ ಹೆಸರಲ್ಲೇ ಇರುತ್ತದೆ: ಮನ್ಮಾಡಿನಿಂದ ಔರಂಗಾಬಾದ್ (ಈಗಿನ ಛತ್ರಪತಿ ಸಂಭಾಜಿನಗರ) ಮೂಲಕ ಸಿಕಂದರಾಬಾದಿಗೆ ರೈಲು ಓಡಿಸಿದ ಕಂಪನಿಗೆ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಎಂದೇ ಹೆಸರು. 1930ರಲ್ಲಿ ಅದು ನಿಜಾಮ್ ಸರ್ಕಾರದ ಕೈಸೇರಿತು. ಅದರ ಕಾಗದವನ್ನು ಸಂಸ್ಥಾನದ ವೈಭವವೆಂದು ಮಾರುವವರ ಕಣ್ಣಿಗೆ ಆ ಗ್ಯಾರಂಟಿ ಬೀಳದಿರುವುದು ಸೋಜಿಗ.

ಇನ್ನೊಂದು ಬದಿಯಲ್ಲಿ, ಪಾರ್ಲಿಮೆಂಟಿನ ವರದಿಗಳಿರುವಾಗ ಈ ಚೂರುಪಾರು ಕಾಗದವೇಕೆ ಎನ್ನುವ ಆರ್ಥಿಕ ಇತಿಹಾಸಕಾರರಿದ್ದಾರೆ. ಅವರ ತಾತ್ಸಾರವೂ ಸಂಗ್ರಾಹಕರ ಮೋಹದಷ್ಟೇ ಸೋಮಾರಿ. ವರದಿ ಒಟ್ಟು ಮೊತ್ತ ಹೇಳುತ್ತದೆ. ಒಂದು ಮನೆತನದ ಪತ್ರಗಳ ಕಟ್ಟು ಆ ಮನೆಯ ಹೂಡಿಕೆ ಹೇಗೆ ಬೆಳೆಯಿತು, ಹೇಗೆ ಹಂಚಿಹೋಯಿತು ಎಂದು ಹೇಳಬಲ್ಲದು. ಆದರೆ ವ್ಯಾಪಾರಿ ಮೊದಲು ಮಾಡುವುದೇ ಕಟ್ಟು ಬಿಚ್ಚಿ ಬಿಡಿಬಿಡಿಯಾಗಿ ಮಾರುವ ಕೆಲಸ. ನಿಧಿಯಿಂದ ಬೇರೆಯಾದ ನಾಣ್ಯ ಅರ್ಧ ಮೂಕ ಎಂಬುದು ನಾಣ್ಯಶಾಸ್ತ್ರದ ಮೊದಲ ಪಾಠ; ಷೇರು ಪತ್ರಕ್ಕೂ ಅದು ಸಲ್ಲುತ್ತದೆ. ಷೇರು ಪತ್ರ ಕೊಳ್ಳುವವರು ಚೌಕಟ್ಟು ಹಾಕಿಸುವ ಮುನ್ನ ಅದು ಯಾವ ಕಟ್ಟಿನಿಂದ ಬಂತು, ಜತೆಗೆ ಏನೇನಿತ್ತು ಎಂದು ಬರೆದಿಡಲಿ. ಕಟ್ಟು ಒಡೆದು ಮಾರುವವರಿಂದ ಕೊಳ್ಳುವುದನ್ನು ನಿಲ್ಲಿಸಲಿ.