ಉಪಕರಣವೂ ಪ್ರಶ್ನೆಯೂ

ತರಗತಿಗೆ ಗಣಕಯಂತ್ರ ಬಂದೊಡನೆ ಬೋಧನೆಯ ಸ್ವರೂಪವೇ ಬದಲಾಗುವುದೆಂಬ ನಂಬಿಕೆ ಈಚೆಗೆ ಬಲವಾಗಿದೆ. ಮುಂಬಯಿಯ ಎರಡು ಯತ್ನಗಳನ್ನು ಎದುರುಬದುರಾಗಿಟ್ಟು ನೋಡಿದರೆ ಆ ನಂಬಿಕೆಯ ಬೆಲೆ ತಿಳಿಯುತ್ತದೆ.

2015ರಲ್ಲಿ ಮಹಾನಗರಪಾಲಿಕೆ ತನ್ನ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಟ್ಯಾಬ್‌ಗಳನ್ನು ಹಂಚತೊಡಗಿತು. ಅವುಗಳಲ್ಲಿ ಮುಖ್ಯವಾಗಿ ಇದ್ದುದು ಪಠ್ಯಪುಸ್ತಕಗಳೇ. ಪಾಟಿಚೀಲದ ಭಾರ ಇಳಿಯಿತು. ಅದು ಅಲ್ಪಲಾಭವೇನೂ ಅಲ್ಲ. ಆದರೆ ಪುಸ್ತಕ ಗಾಜಿನ ಹಿಂದೆ ಸೇರಿದ ಮಾತ್ರಕ್ಕೆ ಓದುವ ಹುಡುಗ ಕೇಳುವ ಹುಡುಗನಾಗುವುದಿಲ್ಲ.

ದೇವನಾರದ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆ ಮತ್ತು ಟಾಟಾ ಟ್ರಸ್ಟ್‌ಗಳು ಕೂಡಿ ಅದೇ ಕಾಲಕ್ಕೆ ಆರಂಭಿಸಿದ 'ಕ್ಲಿಕ್ಸ್' ಯೋಜನೆಯ ಹಾದಿ ಬೇರೆ. ಛತ್ತೀಸಗಢ, ಮಿಜೋರಾಂ, ರಾಜಸ್ಥಾನ, ತೆಲಂಗಾಣಗಳ ಸರಕಾರಿ ಪ್ರೌಢಶಾಲೆಗಳಿಗಾಗಿ ರೂಪುಗೊಂಡ ಇದಕ್ಕೆ ಯುನೆಸ್ಕೋದ 2017ನೆಯ ಸಾಲಿನ ಪುರಸ್ಕಾರವೂ ಸಂದಿತು. ಇದರ ರೇಖಾಗಣಿತ ಪಾಠದಲ್ಲಿ ಒಂದು ಆಟವುಂಟು: ಪೋಲೀಸರು ಅಪರಾಧಿಯನ್ನು ಅರಸುವಂತೆ, ಸುಳಿವು ಹಿಡಿದು ಚತುರ್ಭುಜವೊಂದನ್ನು ಪತ್ತೆಮಾಡಬೇಕು. ನಾಲ್ಕು ಬಾಹುಗಳೂ ಸಮವೆಂದು ತಿಳಿದರೆ ಚೌಕವೆಂದು ಕೂಗುವ ಆತುರ ಸಹಜ. ವಜ್ರಾಕೃತಿಗೂ ಅದೇ ಲಕ್ಷಣವಿದೆಯೆಂದು ಪಕ್ಕದವನು ತಡೆದಾಗ ಕೋನದ ವಿಚಾರ ಏಳುತ್ತದೆ. ಒಂದೇ ಯಂತ್ರದ ಮುಂದೆ ಇಬ್ಬರು ಮೂವರು ಕೂಡುವ ಏರ್ಪಾಡು ಇಲ್ಲಿ ಉದ್ದೇಶಪೂರ್ವಕವಾದುದು. ತಪ್ಪು ದಂಡನೆಗೆ ಕಾರಣವಾಗದೆ ಮುಂದಿನ ಹೆಜ್ಜೆಗೆ ದಾರಿಯಾಗುತ್ತದೆ. ಜಿಜ್ಞಾಸೆ ಯಂತ್ರದಲ್ಲಿಲ್ಲ, ಅದರ ಮುಂದಿನ ಜಗಳದಲ್ಲಿದೆ.

ಜಗಳಕ್ಕೆ ಭಾಷೆ ಬೇಕು. ಇಲ್ಲಿಯೇ ಯೋಜನೆಯ ಮಿತಿ ಕಾಣುತ್ತದೆ. ಅದರ ಪಾಠಗಳು ಇಂಗ್ಲಿಷ್, ಹಿಂದಿ, ತೆಲುಗುಗಳಲ್ಲಿ ಸಿದ್ಧವಾದುವು. ಅದು ಹುಟ್ಟಿದ ಊರಿನ ಕನ್ನಡ ಶಾಲೆಗಳಿಗೆ ಪಾಲು ದೊರೆಯಲಿಲ್ಲ. ಗುರಿಯಿಟ್ಟ ರಾಜ್ಯಗಳು ಬೇರೆಯಾದುದರಿಂದ ದೂರುವಂತಿಲ್ಲ, ನಿಜ. ಆದರೂ ಈ ನಗರ ಭಾಷೆಯ ಪಾಠವನ್ನು ಮೊದಲೇ ಕಲಿತಿತ್ತು. 1974ರಲ್ಲಿ ಹುಟ್ಟಿದ ಹೋಮಿ ಭಾಭಾ ವಿಜ್ಞಾನಶಿಕ್ಷಣ ಕೇಂದ್ರದ ವಿ. ಜಿ. ಕುಲಕರ್ಣಿ ಮತ್ತು ವಿ. ಜಿ. ಗಂಭೀರ್ ಅವರು, ಪಾಲಿಕೆಯ ಶಾಲೆಗಳ ಮಕ್ಕಳಿಗೆ ವಿಜ್ಞಾನಕ್ಕಿಂತಲೂ ಪುಸ್ತಕದ ಭಾಷೆಯೇ ತೊಡಕಾಗುವುದೆಂದು 1980ರ ಸುಮಾರಿಗೇ ತೋರಿಸಿದ್ದರು. ಭಾಷೆಯನ್ನು ಸರಳಗೊಳಿಸಿದೊಡನೆ ಗ್ರಹಿಕೆ ಹೆಚ್ಚಿತು. ಆ ಉಪಕರಣಕ್ಕೆ ವಿದ್ಯುತ್ತೂ ಬೇಕಿರಲಿಲ್ಲ!

ಆದುದರಿಂದ ಕನ್ನಡಕ್ಕೆ ಅನುವಾದಿಸಿದರೆ ಮುಗಿಯಿತೆನ್ನುವಂತಿಲ್ಲ. ಮುಂಬಯಿಯ ಕನ್ನಡ ಶಾಲೆಯ ಮಗು ಮನೆಯಲ್ಲಿ ತುಳುವಾಡುವುದುಂಟು, ಬೀದಿಯಲ್ಲಿ ಹಿಂದಿ ಮರಾಠಿಗಳನ್ನು ಬೆರೆಸುವುದುಂಟು. ಬಾಲಭಾರತಿಯ ಪುಸ್ತಕದ ಗ್ರಾಂಥಿಕ ಕನ್ನಡ ಅದಕ್ಕೆ ಅರೆಪರಕೀಯವೇ. ಮಕ್ಕಳು ವಾದವನ್ನು ಬಂದ ಮಾತಿನಲ್ಲಿ ಹೂಡಲಿ, ತೀರ್ಮಾನವನ್ನು ಕನ್ನಡದಲ್ಲಿ ಬರೆಯಲಿ ಎಂಬ ಔದಾರ್ಯ ಅನುವಾದಕನಿಗೂ ಶಿಕ್ಷಕನಿಗೂ ಬೇಕು. ಇಳಿಮುಖವಾಗುತ್ತಿರುವ ಶಾಲೆಗಳಿಗಾಗಿ ಇಷ್ಟು ಶ್ರಮವೇಕೆಂಬ ಆಕ್ಷೇಪಕ್ಕೆ, ಉಳಿದಿರುವ ಮಕ್ಕಳ ಕಲಿಕೆ ಶಾಲೆಗಳ ಸಂಖ್ಯೆ ನೋಡಿಕೊಂಡು ಕಾಯುವುದಿಲ್ಲವೆಂಬುದಷ್ಟೇ ಉತ್ತರ. ಕ್ಲಿಕ್ಸ್‌ನ ಸಾಮಗ್ರಿ ಮುಕ್ತವಾದುದು. ತೊಡಗುವವರು ಚತುರ್ಭುಜದ ಆಟವನ್ನೇ ಮೊದಲು ಎತ್ತಿಕೊಳ್ಳಬಹುದು. 'ಸುಳಿವು' ಮಗು ಬಲ್ಲ ಮಾತು, 'ಗುಣಲಕ್ಷಣ' ಅದರ ಬೆನ್ನಿಗೆ ಬರಲಿ.