ಅಜ್ಜಿಯ ಬೆರಳು ಎಲ್ಲಿ ನಿಲ್ಲುತ್ತದೆ?

ಈ ವಾರ ಗಿಲಕಿಯ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಚನ್ನಪಟ್ಟಣದ ಗಿಲಕಿಯ ಪರವಾದ ನನ್ನ ವಾದ ಹಳೆಯ ಓದುಗರಿಗೆ ಬಾಯಿಪಾಠ: ಆಲೆ ಮರ ಹಗುರ; ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಕೂರುತ್ತದೆ; ನಾಲ್ಕು ತಿಂಗಳ ಮುಷ್ಟಿಗೂ ಹಿಡಿ ಸಿಗುತ್ತದೆ. ಕೊಳ್ಳುವಾಗ ಬಿಚ್ಚಿಕೊಳ್ಳುವ ಚೂರು ಇಲ್ಲವೆಂದು ನೋಡಿಕೊಳ್ಳಿ. ಇಷ್ಟು ಸಾಕು, ಏಕೆಂದರೆ ಗಿಲಕಿಗಿಂತ ರುಚಿಯಾದ ವಿಷಯವೊಂದು ಅಡ್ಡ ಬಂದಿದೆ. ಅಂಗೈ ಆಟ.

ಗೊತ್ತಿಲ್ಲದವರು ಯಾರು? ಕೂಸಿನ ಅಂಗೈಯಲ್ಲಿ ಅನ್ನ ಕಲಸಿದ ಹಾಗೆ ಮಾಡಿ, ಮನೆಮಂದಿಗೆಲ್ಲ ತುತ್ತು ಹಂಚಿ, ಒಂದೊಂದೇ ಬೆರಳು ಮಡಚಿ, ಕೊನೆಗೆ ಎರಡು ಬೆರಳನ್ನು ಇರುವೆ ಮಾಡಿ ತೋಳು ಹತ್ತಿಸಿ, ಕಂಕುಳಲ್ಲಿ ಕಚಗುಳಿ. ಮೊಣಕೈ ದಾಟಿದ ಮೇಲೆ ನುರಿತ ಅಜ್ಜಿಯ ಬೆರಳು ಗಕ್ಕನೆ ನಿಲ್ಲುತ್ತದೆ. ಹುಬ್ಬು ಏರುತ್ತದೆ, ಉಸಿರು ಒಳಕ್ಕೆ ಹೋಗುತ್ತದೆ. ಮಗುವೂ ಕಾಲು ಬಡಿಯುವುದನ್ನು ಬಿಟ್ಟು ಕಾಯುತ್ತದೆ. ಇರುವೆ ಒಂದು ಹೆಜ್ಜೆ ಹಿಂದೆ ಬರುವುದೂ ಉಂಟು! ಈ ಆಟ ರೂಢಿಯಾದ ಕೂಸು ಬೆರಳು ಕಂಕುಳು ಮುಟ್ಟುವ ಮೊದಲೇ ಕೇಕೆ ಹಾಕುತ್ತದೆ. ಮುಂದೇನೆಂದು ಅದಕ್ಕೆ ಗೊತ್ತು, ಯಾವಾಗ ಎಂದು ಗೊತ್ತಿಲ್ಲ. ಆಟವೆಲ್ಲ ಆ ತಡದಲ್ಲಿದೆ. ಅಪ್ಪಂದಿರು ಸೋಲುವುದು ಇಲ್ಲೇ. ನೇರ ಕಂಕುಳಿಗೇ ನುಗ್ಗುತ್ತಾರೆ.

ಸೆರಗಿನ ಮರೆಯಲ್ಲಿ ಮುಖ ಮುಚ್ಚಿ ತೆರೆಯುವುದರ ಗುಟ್ಟೂ ಇದೇ. ಪ್ಯಾರಟ್ ಮತ್ತು ಗ್ಲೈಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿ ಈ ಆಟದ ಬಗ್ಗೆ ಅಧ್ಯಯನವೊಂದನ್ನು ಪ್ರಕಟಿಸಿದರು. ಮರೆಯಾದವರ ಬದಲು ಬೇರೆಯವರ ಮುಖ ಮೂಡಿದಾಗ ಶಿಶುಗಳ ನಗು ಕಡಿಮೆಯಾಯಿತು. ಬರೀ ಬೆರಗಿಗೆ ನಗುವುದಾಗಿದ್ದರೆ ಆಗಲೇ ಹೆಚ್ಚು ನಗಬೇಕಿತ್ತು. ಎಣಿಸಿದವರೇ ಬಂದರಲ್ಲ ಎಂಬುದು ಕೂಸಿನ ಖುಷಿ.

ಈಗ ಹಳೆಯ ಜಗಳ. ಫೋನಿನಲ್ಲಿ ಶಿಶುಗೀತೆ ಹಚ್ಚಿ ತೊಟ್ಟಿಲ ಮುಂದೆ ಹಿಡಿಯುವ ಪಂಥದವರು 'ಅದೂ ಹಾಡೇ ಅಲ್ಲವೇ' ಎನ್ನುತ್ತಾರೆ. ಹಾಡೇನೋ ಹೌದು. ಆದರೆ ಕೂಸು 'ಆಂ' ಎಂದರೂ, ಅತ್ತ ತಿರುಗಿದರೂ ಅದು ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಒಂದು ವರ್ಷದೊಳಗಿನವರಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂಬೆಗಾಲಿಡದ ಕೂಸನ್ನು ಎಚ್ಚರವಿದ್ದಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಿ ಎಂದೂ ಹೇಳಿದೆ. ವಾಕರ್ ಪಂಥದವರಿಗೆ ಒಂದೇ ಮಾತು: ಕೆನಡಾ ಅದರ ಮಾರಾಟವನ್ನು 2004ರಲ್ಲೇ ನಿಷೇಧಿಸಿತು.

ಇನ್ನು ಗುಮ್ಮನ ಪಂಥ. 'ಬಂದ, ಬಂದ' ಎಂದು ತಡೆದು ತಡೆದು ಹೆದರಿಸುವವರಿಗೂ ತಡದ ವಿದ್ಯೆ ಚೆನ್ನಾಗಿ ಗೊತ್ತು, ಕೊನೆಗೆ ನಗು ಕೊಡುವುದು ಮಾತ್ರ ಗೊತ್ತಿಲ್ಲ. ಪುರಂದರದಾಸರ ಪದದಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಕಾಳಿಂಗನ ಹೆಡೆ ತುಳಿದವನಿಗೇ ಬೇಡವಾದ ಗುಮ್ಮ ನಮ್ಮ ಮನೆಯ ಕೂಸಿಗೆ ಯಾಕೆ?

ನಾಮಕರಣಕ್ಕೆ, ಹಬ್ಬಕ್ಕೆ ಬರುವ ಮಾವಂದಿರಲ್ಲಿ, ಚಿಕ್ಕಪ್ಪಂದಿರಲ್ಲಿ ಒಂದು ವಿನಂತಿ. ಕೂಸನ್ನು ಮೇಲೆಸೆದು ಹಿಡಿಯಬೇಡಿ. ಕುತ್ತಿಗೆ ಇನ್ನೂ ಎಳೆಯದು. ಅದು ಮುಖ ತಿರುಗಿಸಿದರೆ, ಆಕಳಿಸಿದರೆ, ಕಣ್ಣುಜ್ಜಿದರೆ ಆಟ ಮುಗಿಯಿತು ಎಂದರ್ಥ. ನೆಂಟರು ಕೇಳಿದರೆಂದು ಮತ್ತೊಮ್ಮೆ ನಗಿಸಿ ತೋರಿಸಲು ಹೋಗಬೇಡಿ, ಅಮ್ಮನ ಕೈಗೆ ಕೊಡಿ.