ಹೈವೇ ಟಚ್, ಪ್ರಶಾಂತ ವಾತಾವರಣ

ದಿನಪತ್ರಿಕೆಯ ನಡುವೆ ಮಡಚಿ ಬರುವ ಬಣ್ಣದ ಕಾಗದವನ್ನು ಸಾಹಿತ್ಯವೆಂದು ಯಾರೂ ವಿಮರ್ಶಿಸುವುದಿಲ್ಲ. ಆದರೆ ನಮ್ಮ ಕಡೆಯ ಜನ ಅತ್ಯಂತ ನಂಬಿಕೆಯಿಂದ ಓದುವ ಗದ್ಯ ಬಹುಶಃ ಅದೇ. ಕತೆ ಓದಿ ಹೆಂಡತಿಯ ಬಂಗಾರ ಅಡವಿಟ್ಟವರನ್ನು ನಾವು ಕಂಡಿಲ್ಲ. ಲೇಔಟಿನ ಕರಪತ್ರ ಓದಿ ಇಟ್ಟವರನ್ನು ಬಲ್ಲೆವು. ಆದ್ದರಿಂದ ಒಂದು ಸಲವಾದರೂ ಅದನ್ನು ಕತೆ ಓದುವಷ್ಟೇ ಎಚ್ಚರದಿಂದ ಓದೋಣ ಎನಿಸಿತು.

ನಮ್ಮ ಮುಂದಿರುವುದು ಮುನಿರಾಬಾದ್ ಸಮೀಪದ ಒಂದು ಪುಟ್ಟ ಬಡಾವಣೆಯದು. ಮೊದಲ ಸಾಲು ‘ಹೈವೇ ಟಚ್’. ಕೊನೆಯ ಸಾಲು ‘ಪ್ರಶಾಂತ ವಾತಾವರಣ’. ನಡುವೆ ತುಂಗಭದ್ರಾ ಅಣೆಕಟ್ಟು, ಹುಲಿಗಿಯ ಹುಲಿಗೆಮ್ಮನ ಗುಡಿ, ರೈಲು ನಿಲ್ದಾಣ, ಎಲ್ಲವೂ ‘ಕೆಲವೇ ನಿಮಿಷ’. ಹೈವೇಯನ್ನು ಮುಟ್ಟಿಕೊಂಡ ಜಾಗ ಪ್ರಶಾಂತವಾಗಿರುವುದು ಹೇಗೆ ಎಂಬ ಸಣ್ಣ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರವಿಲ್ಲ. ನಾವು ಕತೆಯಲ್ಲಿ ಹೀಗೆ ಬರೆದರೆ ಸಂಪಾದಕರು ವಾಪಸು ಕಳಿಸುತ್ತಾರೆ.

ಅದು ಎಂಥ ಹೈವೇ ಎಂಬುದನ್ನೂ ನೋಡಬೇಕು. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಹೊಸಪೇಟೆ, ಬಳ್ಳಾರಿಗೆ ಹೋಗುವ ರಸ್ತೆ ಇದು. ಹಳೆಯ 63, ಹುಬ್ಬಳ್ಳಿಯಿಂದ ಇತ್ತ ಈಗಿನ 67. ಕುಷ್ಟಗಿ ಕಡೆಯಿಂದ ಬರುವ ಹಳೆಯ 13, ಈಗಿನ 50, ಹಿಟ್ನಾಳದ ಬಳಿ ಇದನ್ನು ಕೂಡಿಕೊಳ್ಳುತ್ತದೆ. ಎರಡೂ ಕಡೆಯ ಲಾರಿಗಳು ಒಂದಾಗಿ ಹೊಸಪೇಟೆಯತ್ತ ಹೊರಡುವ ದಾರಿಯ ಮಗ್ಗುಲಲ್ಲೇ ಮುನಿರಾಬಾದ್. 2000ದ ದಶಕದಲ್ಲಿ ಬೇಲೆಕೇರಿ ಬಂದರಿನತ್ತ ಅದಿರು ಹೊತ್ತ ಲಾರಿಗಳ ಸಾಲು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು, ಆ ಸಾಲು ಕರಗಿತು. ಆಗ ಲೇಖಕರಾದ ನಾವು ಲೂಟಿಯ ಬಗ್ಗೆ ಮಾತಾಡಿದೆವು, ಕೆಂಪು ಧೂಳಿನ ಬಗ್ಗೆ ಮಾತಾಡಿದೆವು. ರಸ್ತೆ ಬದಿಯ ಮನೆಗಳಲ್ಲಿ ನಿದ್ದೆ ಕಳೆದುಕೊಂಡವರ ಬಗ್ಗೆ ಬರೆಯಬೇಕೆಂದು ನಮಗೂ ತೋಚಲಿಲ್ಲ.

ದಲ್ಲಾಳಿ ನಮ್ಮನ್ನು ಕರೆದೊಯ್ದದ್ದು ಆದಿತ್ಯವಾರ ಮಧ್ಯಾಹ್ನ. ಬಿಸಿಲು, ಎರಡು ಬೇವಿನ ಮರ, ಸುಣ್ಣ ಬಳಿದ ಗಡಿಕಲ್ಲುಗಳು. ನಿಜಕ್ಕೂ ಪ್ರಶಾಂತವೇ. ಮತ್ತೊಮ್ಮೆ ನಾವೇ ಹೋದದ್ದು ರಾತ್ರಿ ಒಂದು ಗಂಟೆಯ ಮೇಲೆ. ಸ್ಪೀಡ್ ಬ್ರೇಕರ್ ಬಳಿ ಪ್ರತಿ ಲಾರಿಯೂ ಒಮ್ಮೆ ಉಸಿರು ಬಿಟ್ಟು, ಗೇರು ಬದಲಿಸಿ, ಮತ್ತೆ ನರಳಿ ಮೇಲೇಳುತ್ತಿತ್ತು. ಎರಡರ ನಡುವೆ ಬಿಡುವು ಬಂದಾಗ ಮುಂದಿನದು ಎಲ್ಲಿದೆ ಎಂದು ಕಿವಿ ತಾನಾಗಿ ಹುಡುಕುತ್ತಿತ್ತು. ಸದ್ದಿಗಿಂತ ಈ ಕಾಯುವಿಕೆಯೇ ಕಷ್ಟ.

‘ಹಿಂದಿನ ಸಾಲಿನಲ್ಲಿ ಏನೂ ಕೇಳಿಸೂದಿಲ್ಲ’ ಎನ್ನುವುದು ಮಾರುವವರ ಮಾತು. ನಿಲ್ಲದೆ ಹರಿಯುವ ವಾಹನಗಳ ಸದ್ದು ರಸ್ತೆಯಿಂದ ದೂರ ಇಮ್ಮಡಿಯಾದಾಗ ಇಳಿಯುವುದು ಸುಮಾರು 3 ಡೆಸಿಬೆಲ್. ಕಿವಿಗೆ ಅರ್ಧಕ್ಕಿಳಿಯಿತು ಎನ್ನಿಸಲು ಸುಮಾರು 10 ಇಳಿಯಬೇಕು. ಅಂದರೆ 30 ಮೀಟರ್ ದೂರದ ಸದ್ದು ಅರ್ಧವಾಗಲು ಹತ್ತಿರ ಹತ್ತಿರ 300 ಮೀಟರ್ ಹಿಂದೆ ಸರಿಯಬೇಕು. ಪುಟ್ಟ ಬಡಾವಣೆಯೊಂದು ಅಷ್ಟು ಉದ್ದವೇ ಇರುವುದಿಲ್ಲ. ಒಂದು ಸಾಲು ಗಿಡ ನೆಟ್ಟರೆ ಲಾರಿ ಕಣ್ಣಿಗೆ ಮರೆಯಾಗುತ್ತದೆ, ಕಿವಿಗಲ್ಲ. ಎತ್ತರದ ಕಾಂಪೌಂಡು ನೆಲಮಹಡಿಗೆ ತುಸು ನೆರವಾದೀತು. ಮೇಲೆ ಒಂದು ಮಹಡಿ ಎಬ್ಬಿಸಿದ ಕೂಡಲೇ ಅದೂ ವ್ಯರ್ಥ. ರಾತ್ರಿ ನೆಲ ತಣಿದು ಕೆಳಗಿನ ಗಾಳಿ ತಂಪಾದಾಗ ಸದ್ದು ಮೇಲೆ ಹೋಗದೆ ಬಾಗಿ ನೆಲದತ್ತಲೇ ಬರುತ್ತದೆ. ಕಿಟಕಿಗೆ ಜೋಡಿ ಗಾಜು ಹಾಕಿಸಿ ಎಂದು ಬೆಂಗಳೂರಿನ ಸಲಹೆಗಾರರು ಹೇಳಿಯಾರು. ಏಪ್ರಿಲ್, ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುವ ಕೊಪ್ಪಳ ಸೀಮೆಯವರಿಗೆ ಎಲ್ಲಿಯ ಕಿಟಕಿ?

ಕಾನೂನು ಇಲ್ಲವೆಂದಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಮೀರಬಾರದು. 2010ರ ತಿದ್ದುಪಡಿ ಇದೇ ಹೊತ್ತಿನಲ್ಲಿ ವಸತಿ ಪ್ರದೇಶದಲ್ಲಿ ಹಾರ್ನ್ ಬಾರಿಸುವುದನ್ನೂ ನಿಷೇಧಿಸಿತು. 2022ರ ಬೇಸಿಗೆಯಲ್ಲಿ ಆಜಾನಿನ ವಿವಾದ ಎದ್ದಾಗ ಈ ನಿಯಮಗಳು ರಾಜ್ಯದ ಎಲ್ಲರ ನಾಲಿಗೆಯ ಮೇಲಿದ್ದವು. ನಮ್ಮ ಕೆಲವು ಮಸೀದಿಗಳ ಧ್ವನಿವರ್ಧಕ ತಗ್ಗಬೇಕಾಗಿಯೇ ಇತ್ತು. ಅದನ್ನು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಕೆಲವೇ ನಿಮಿಷದ ಕರೆಗೆ ಮೀಟರ್ ಹಿಡಿದ ಕೈ, ಇರುಳಿಡೀ ಸಾಗುವ ಲಾರಿಯತ್ತ ತಿರುಗಿದ್ದನ್ನು ನಾವು ನೋಡಲಿಲ್ಲ. ಅಂದು ಗದ್ದಲವೇ ಜನರ ಚಿಂತೆಯಾಗಿದ್ದರೆ ಹೈವೇ ಬದಿಯ ಹಿಂದೂ, ಮುಸ್ಲಿಂ ಮನೆಗಳೆರಡಕ್ಕೂ ಒಂದಿಷ್ಟು ನಿದ್ದೆ ಸಿಗುತ್ತಿತ್ತು. 2016ರ ರೇರಾ ಕಾಯ್ದೆ ಬಂದ ಮೇಲೆ ಮಾರುವವರು ಹಕ್ಕುಪತ್ರ ತೋರಿಸಬೇಕು, ಮಂಜೂರಾದ ನಕ್ಷೆ ತೋರಿಸಬೇಕು. ಇರುಳು ಹೇಗಿರುತ್ತದೆ ಎಂದು ಹೇಳುವ ಕಾಲಂ ಅಲ್ಲೂ ಇಲ್ಲ.

ನಮ್ಮ ಹಿರಿಯರು ಇದನ್ನು ಲಘುವಾಗಿ ಕಂಡವರಲ್ಲ. 14ನೇ ಶತಮಾನದ ಟ್ಯುನಿಸ್ ನಗರದಲ್ಲಿ ಇಬ್ನ್ ಅಲ್-ರಾಮಿ ಎಂಬ ಗಾರೆಕೆಲಸದವರು ಕಟ್ಟಡಗಳ ವ್ಯಾಜ್ಯ ಕುರಿತು ಗ್ರಂಥವನ್ನೇ ಬರೆದರು. ಪಕ್ಕದ ಗಿರಣಿಯಿಂದ ಗೋಡೆ ಅದುರುತ್ತದೆ ಎಂಬ ದೂರು ಬಂದರೆ ಪರೀಕ್ಷೆ ಹೀಗೆ: ಕಾಗದದ ನಾಲ್ಕು ಮೂಲೆಗೆ ದಾರ ಕಟ್ಟಿ ತೊಲೆಗೆ ತೂಗುಹಾಕುವುದು, ಅದರ ಮೇಲೆ ಒಣ ಕೊತ್ತಂಬರಿ ಕಾಳು ಇಡುವುದು, ಗಿರಣಿ ತಿರುಗಿಸುವುದು. ಕಾಳು ಅಲುಗಿದರೆ ಗಿರಣಿ ನಿಲ್ಲಬೇಕು. ಡೆಸಿಬೆಲ್ ಎಂಬ ಶಬ್ದವೇ ಹುಟ್ಟದ ಕಾಲದಲ್ಲಿ ನೆರೆಯವರ ನೆಮ್ಮದಿಗೆ ಒಂದು ಅಳತೆ ಇತ್ತು.

ಉರ್ದು ಶಾಲೆಯಲ್ಲಿ ಮೇಷ್ಟ್ರು ನಮಗೆ ಮನೆಗೆ ಎರಡು ಮಾತು ಕಲಿಸಿದ್ದರು: ಮಕಾನ್, ಮಸ್ಕನ್. ಮೊದಲನೆಯದು ಬರೀ ಜಾಗ. ಎರಡನೆಯದು ಸುಕೂನ್ ಹುಟ್ಟಿದ ಧಾತುವಿನದೇ. ಅಲುಗಾಟ ನಿಂತ ಸ್ಥಿತಿ. ಸ್ವರವಿಲ್ಲದ ಅಕ್ಷರದ ನೆತ್ತಿಗೆ ಹಾಕುವ ಪುಟ್ಟ ಗುರುತಿಗೂ ಸುಕೂನ್ ಎಂದೇ ಹೆಸರು. ಕರಪತ್ರ ಮಾರುವುದು ಮಕಾನನ್ನು, ಹೊಗಳುವುದು ಮಸ್ಕನನ್ನು.

ಹಾಗಾದರೆ ಕೊಳ್ಳುವವರು ಮೂರ್ಖರೇ? ಅಲ್ಲ. ಊರೊಳಗೆ ಜಾಗದ ದರ ಕೈಗೆಟುಕದು. ಬಾಡಿಗೆಗೆ ಹೋದರೆ ಹೆಸರು ಕೇಳಿದ ಮೇಲೆ ‘ಈಗಷ್ಟೇ ಬೇರೆಯವರಿಗೆ ಕೊಟ್ಟೆವು’ ಎನ್ನುವವರಿದ್ದಾರೆ. ರಸ್ತೆ ಬದಿಯಲ್ಲಿ ಬಸ್ಸು ಸಿಗುತ್ತದೆ, ಮಗ ಮುಂದೆ ಒಂದು ಪಂಕ್ಚರ್ ಅಂಗಡಿ ಹಾಕಿಕೊಂಡಾನು, ಹೆರಿಗೆ ನೋವು ಬಂದರೆ ಆಂಬ್ಯುಲೆನ್ಸ್ ಬಾಗಿಲಿಗೇ ಬರುತ್ತದೆ. ಇವೆಲ್ಲ ನಿಜವಾದ ಲಾಭಗಳು. ಇವನ್ನು ತೂಗಿ ನೋಡಿ, ಗದ್ದಲವನ್ನು ಒಪ್ಪಿಕೊಂಡೇ ಕೊಂಡವರ ಮೇಲೆ ನಮ್ಮ ತಕರಾರಿಲ್ಲ. ತಕ್ಕಡಿಯ ಒಂದು ತಟ್ಟೆಯನ್ನು ಬಚ್ಚಿಟ್ಟ ಬರಹದ ಮೇಲೆ ಇದೆ.

ಕಳೆದ ವಾರ ದಲ್ಲಾಳಿ ಫೋನ್ ಮಾಡಿದ್ದರು. ರಸ್ತೆ ಬದಿಯ ಸಾಲು ಮುಗಿಯಿತಂತೆ, ಹಿಂದೆ ಎರಡೇ ಉಳಿದಿವೆಯಂತೆ. ರಾತ್ರಿ ಎರಡಕ್ಕೆ ಬನ್ನಿ, ಅಲ್ಲೇ ಸ್ವಲ್ಪ ಹೊತ್ತು ಕೂತು ಮಾತಾಡೋಣ ಎಂದೆವು.

‘ರಾತ್ರಿ ಸೈಟ್ ಯಾರ್ ನೋಡ್ತಾರ್ರೀ ಸಾಹೇಬ್ರ?’ ಎಂದು ನಕ್ಕರು.